ಸಾರವೆ ಹತ್ತಿ ಎರಡು ಸಲ ಜಿಗಿಯುವ ವಿದ್ಯೆ

ನನ್ನ ಮೊಮ್ಮಗಳು ಪಾಸಾದಳು! ಇವತ್ತು ಮಧ್ಯಾಹ್ನ, ಯಾದಗಿರಿಯಲ್ಲಿ, ನನ್ನ ಕಣ್ಣ ಮುಂದೆಯೇ ಪಾಸಾದಳು. ಅಲ್ಲಿ ಕಟ್ಟುತ್ತಿರುವ ಮೂರಂತಸ್ತಿನ ಹಾಸ್ಟೆಲ್ಲಿನ ಸಾರವೆಯನ್ನು ಇನ್ನು ಮುಂದೆ ದಿನಾ ಮುಂಜಾನೆ ಅವಳೇ ನೋಡಬೇಕು. ಸರಿಯಿದ್ದರೆ ಹಸಿರು ಕಾರ್ಡು ಕಟ್ಟುತ್ತಾಳೆ. ಕೆಂಪು ಕಾರ್ಡು ಕಟ್ಟಿದಳೋ, ಗೌಂಡಿಯ ಮಾತು ಬಿಡಿ, ಇಂಜಿನಿಯರ್ ಸಾಹೇಬರೂ ಅದರ ಮೇಲೆ ಕಾಲಿಡುವಂತಿಲ್ಲ!

ಬರುವಾಗ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಪಕ್ಕದಲ್ಲಿ ಗೋಗಿಗೆ ಹೋಗುವ ಹೆಣ್ಣುಮಗಳೊಬ್ಬಳು ಕೂತಿದ್ದಳು. "ಸಾರವಿ ಅಂದ್ರೇನ್ರಿ?" ಎಂದು ಕೇಳಿ ಸಿಕ್ಕಿಬಿದ್ದಳು. ಗೋಡೆ ಎತ್ತರವಾದಂತೆ ಗೌಂಡಿ ನಿಂತು ಕೆಲಸ ಮಾಡಲು ಕಂಬ ನಿಲ್ಲಿಸಿ, ಹಲಗೆ ಹಾಸಿ ಕಟ್ಟುವ ಅಟ್ಟ ಎಂದು ಶುರು ಮಾಡಿದವನು ಶಹಾಪುರ ಬರುವವರೆಗೂ ಬಿಡಲಿಲ್ಲ. ಪಾಪ, ಕಿಟಕಿ ಕಡೆ ಮುಖ ಮಾಡಿ ನಿದ್ದೆ ಬಂದವಳಂತೆ ನಟಿಸಿದಳು. ಆದರೂ ಹೇಳಿದೆ.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ಗೋಡೆಯ ಮೇಲೆ. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದೆ. ನನ್ನ ಕಾಲದಲ್ಲಿ ಸಾರವೆಯನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ ಎಂದುಕೊಳ್ಳಬೇಡಿ. ಒಂದಲ್ಲ, ಎರಡು ಪರೀಕ್ಷೆ ಇದ್ದವು.

ಮೊದಲನೆಯದು ಗುತ್ತೇದಾರನದು. ನಮ್ಮ ಓಣಿಯ ಗುತ್ತೇದಾರ ಕೆಲಸ ಶುರುವಾಗುವ ದಿನ ಬಂದು ತೆಂಗಿನಕಾಯಿ ಒಡೆಯುತ್ತಿದ್ದ, ಊದುಬತ್ತಿ ಹಚ್ಚುತ್ತಿದ್ದ, ಕಂಬಕ್ಕೆ ನಿಂಬೆಕಾಯಿ ಮೆಣಸಿನಕಾಯಿ ಕಟ್ಟಿಸುತ್ತಿದ್ದ. ತುದಿಯಲ್ಲಿ ಮೀಸೆ ಹಲ್ಲು ಬರೆದ ಒಂದು ಕುಂಬಳಕಾಯಿ. ಅದರ ಮೀಸೆ ಥೇಟ್ ಅವನದೇ. "ಧಣಿ, ಹೊಸಾ ಹಗ್ಗ ತರಸ್ರಿ" ಎಂದರೆ, "ಯಾಕೋ, ದೇವರ ಮ್ಯಾಲ ನಂಬಿಗಿ ಇಲ್ಲೇನು?" ಎನ್ನುತ್ತಿದ್ದ. ದೇವರ ಮೇಲೆ ನಮಗೆ ನಂಬಿಕೆ ಇತ್ತು. ಹಗ್ಗದ ಮೇಲೆ ಇರಲಿಲ್ಲ.

ಎರಡನೆಯದು ಗೌಂಡಿಗಳದು. ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಲೆ ಹತ್ತುವುದು, ನಡುಹಲಗೆಯ ಮೇಲೆ ನಿಂತು ಎರಡು ಸಲ ಜಿಗಿಯುವುದು. ಮುರಿಯದಿದ್ದರೆ ಗಟ್ಟಿ ಎಂದರ್ಥ. ಮುರಿದರೆ, ಗಟ್ಟಿಯಿಲ್ಲ ಎಂದು ಉಳಿದವರಿಗೆ ತಿಳಿಯುತ್ತಿತ್ತು.

ಮೊಮ್ಮಗಳು ಶಹಾಪುರದಲ್ಲೇ ಐಟಿಐ ಓದಿ, ಈ ಬೇಸಿಗೆಯಲ್ಲಿ ಆ ಹಾಸ್ಟೆಲ್ ಕೆಲಸಕ್ಕೆ ಕಲಿಯುವವಳಾಗಿ ಸೇರಿದಳು. ಅವಳಪ್ಪ, ಅಂದರೆ ನನ್ನ ಮಗ, ಅಲ್ಲೇ ಗೌಂಡಿ. ಸಾರವೆ ನೋಡುವ ಪರೀಕ್ಷೆ ಪಾಸಾದರೆ ನೌಕರಿ ಕಾಯಂ. ಅವಕಾಶ ಎರಡೇ ಸಲ. ಎರಡೂ ಸಲ ಬಿದ್ದರೆ ಮನೆಗೆ. ಅವಳು ಪುಸ್ತಕ ಹರಡಿಕೊಂಡು ಪೈಪುಗಳ ಚಿತ್ರ ನೋಡುವಾಗ ನನಗೆ ನಗು ತಡೆಯಲಾಗಲಿಲ್ಲ. "ಇಷ್ಟಕ್ಕ ಪುಸ್ತಕ ಯಾಕ ಬೇಕವ್ವ? ನಲವತ್ತ್ ವರ್ಷ ಹತ್ತೀನಿ, ನಾ ಹೇಳ್ತೀನಿ ಕೇಳು" ಎಂದೆ. ಹೇಳಿಯೂಬಿಟ್ಟೆ.

ಮೊದಲ ಸಲದ ಪರೀಕ್ಷೆಯಲ್ಲಿ ನಮ್ಮ ಮೊಮ್ಮಗಳು ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು, ಸರಸರ ಹತ್ತಿ, ಎರಡು ಸಲ ಜಿಗಿದಳಂತೆ.

ಪರೀಕ್ಷೆಯ ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಯಾರವ್ವ ನಿನಗಿದು ಕಲಿಸಿದವ್ರು?" ಎಂದು ಕೇಳಿದರು.

"ನಮ್ಮ ಮುತ್ಯಾರಿ."

"ಇನ್ನಾ ಅದಾರೇನು?"

"ಅದಾರ್ರಿ. ಸೊಲ್ಪ ಕುಂಟ್ತಾರ."

ಫೇಲು. ಮನೆಯಲ್ಲಿ ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಗೋಡೆಯ ಜೊತೆ ಮಾತಾಡಿದಳು. "ತಾನೂ ಬಿದ್ದ, ಮೊಮ್ಮಗಳನ್ನೂ ಕೆಡವಿದ" ಎಂದು ಗೋಡೆಗೆ ಹೇಳುತ್ತಿದ್ದಳು. ಚಹಾದ ಅಂಗಡಿಯ ಮುಂದೆ ಗುತ್ತೇದಾರ ನಾಲ್ಕು ಮಂದಿಗೆ ಕೇಳುವಂತೆ, "ಏನೋ ಗೌಂಡಿ, ನಿನ್ನ ಮೊಮ್ಮಗಳು ಸಾರವಿ ಪರೀಕ್ಷಾ ಮಾಡಾಕ ಹೋದ್ರ ಸಾರವೀನ ಅಕಿನ್ನ ಪರೀಕ್ಷಾ ಮಾಡ್ತಂತಲ್ಲ!" ಎಂದು ನಕ್ಕ.

ಉಳಿದದ್ದು ಒಂದೇ ಅವಕಾಶ, ಅದೂ ನನ್ನ ದೆಸೆಯಿಂದ. ಮೊಮ್ಮಗಳ ಮುಂದೆ ಕೂತು, "ಈಗ ನೀ ಕಲಸು, ನಾ ಕಲೀತೀನಿ" ಎಂದೆ. ಅವಳು ನನ್ನ ಕೈ ಹಿಡಿದು ಹಿಂದಿನ ಓಣಿಗೆ ಕರೆದೊಯ್ದಳು. ಅಲ್ಲಿ ಅದೇ ಗುತ್ತೇದಾರ ಯಾರದೋ ಮನೆಯ ಮೇಲಂತಸ್ತು ಎಬ್ಬಿಸುತ್ತಿದ್ದ.

"ಮುತ್ಯಾ, ಮುಟ್ಟಬ್ಯಾಡ, ಹತ್ತಬ್ಯಾಡ. ಇಲ್ಲೇ ನಿಂತು ಬುಡದಿಂದ ಮ್ಯಾಲ ನೋಡಕೋತ ಹೋಗು."

ನಲವತ್ತು ವರ್ಷ ಸಾರವೆಯನ್ನು ಮೇಲಿನಿಂದಷ್ಟೇ ನೋಡಿದವನಿಗೆ ಅದಕ್ಕೊಂದು ಬುಡ ಇರುವುದು ಆವತ್ತು ಕಾಣಿಸಿತು. ಒಂದು ಕಂಬ ಇಟ್ಟಂಗಿಯ ಮೇಲೆ ನಿಂತಿತ್ತು, ಇನ್ನೊಂದು ಅಲುಗಾಡುವ ಚಪ್ಪಡಿ ಕಲ್ಲಿನ ಮೇಲೆ. ಹಲಗೆಗಳ ನಡುವೆ ಕಾಲು ತೂರುವಷ್ಟು ಸಂದು. ಹಿಡಿದುಕೊಳ್ಳಲು ಅಡ್ಡಗಂಬವೇ ಇಲ್ಲ. ಗಂಟುಗಳ ಹಗ್ಗ ಕರ್ರಗಾಗಿತ್ತು.

"ಹೋದ ಮಳಿಗಾಲದ್ದು ಈ ಹಗ್ಗ. ಒಳಗ ಕೊಳತದ" ಎಂದೆ.

"ಸುರಪುರದಾಗ ನೀ ಬಿದ್ದಾಗ ಯಾವ ಹಗ್ಗ ಇತ್ತು, ಮುತ್ಯಾ?"

ಸುರಪುರದಲ್ಲಿ ನಾನು ಬಿದ್ದು ಎಡಗಾಲು ಮುರಿದುಕೊಂಡಾಗ ಈ ಗುತ್ತೇದಾರ ಎರಡು ಬಾಳೆಹಣ್ಣು ಹಿಡಿದು ದವಾಖಾನೆಗೆ ಬಂದಿದ್ದ. "ಎಡಗಾಲ ಮುಂದಿಟ್ಟು ಹತ್ತಿದಿ ನೀ. ನಾ ಕಣ್ಣಾರೆ ನೋಡೀನಿ" ಎಂದಿದ್ದ. ನಾನೂ ನಂಬಿದೆ. ನಂಬಿದ್ದಷ್ಟೇ ಅಲ್ಲ, ಆಮೇಲೆ ಕೆಲಸಕ್ಕೆ ಬಂದ ಪ್ರತಿಯೊಬ್ಬ ಹೊಸ ಗೌಂಡಿಗೂ ಬಲಗಾಲು ಮೊದಲಿಡು ಎಂದು ಬೋಧಿಸಿದೆ. ಅವರೆಲ್ಲ ಬಲಗಾಲಿಟ್ಟೇ ಹತ್ತಿದರು. ಹಗ್ಗ ಮಾತ್ರ ಅದೇ.

"ಹಳೇದಿತ್ತವ್ವ" ಎಂದೆ.

"ಹಂಗಾದ್ರ ಕಾಲಿಂದೇನ್ ತಪ್ಪು?"

ಇಷ್ಟು ವರ್ಷ ನನ್ನ ಕಾಲಿಗೆ ನಾನೇ ಕಳ್ಳನ ಪಟ್ಟ ಕಟ್ಟಿದ್ದೆ. ಆವತ್ತಿನಿಂದ ಸಂಜೆಯಾದರೆ ಅಜ್ಜ ಮೊಮ್ಮಗಳು ಶಹಾಪುರದ ಓಣಿ ಓಣಿ ತಿರುಗಿ ಸಾರವೆ ನೋಡಿದೆವು. ಕಡೆಕಡೆಗೆ ಅವಳಿಗಿಂತ ಮೊದಲು ನಾನೇ ದೋಷ ಹೇಳುತ್ತಿದ್ದೆ. ಮಂದಿ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಂತಾಯಿತು.

ಇವತ್ತು ನಾನೂ ಅವಳ ಸಂಗಡ ಹೋದೆ. ಗೇಟಿನ ಹತ್ತಿರ ಕೂಡಿಸಿ, ತಲೆಗೊಂದು ಹೆಲ್ಮೆಟ್ ಕೊಟ್ಟರು. ನಲವತ್ತು ವರ್ಷ ಮೇಲೆ ನಿಂತು ಕೆಲಸ ಮಾಡುವಾಗ ಯಾರೂ ಕೊಟ್ಟಿರಲಿಲ್ಲ. ಕುರ್ಚಿಯ ಮೇಲೆ ಕೂತವನಿಗೆ ಕೊಟ್ಟರು.

ಪರೀಕ್ಷೆಗೆಂದೇ ದೋಷ ಬಚ್ಚಿಟ್ಟು ಒಂದು ಸಾರವೆ ಕಟ್ಟಿದ್ದರು. ಒಂದಾಳೆತ್ತರದ ಹಲಗೆಯ ಮೇಲೆ ಸಾಹೇಬರೇ ನಿಂತಿದ್ದರು. "ಬಾ ತಂಗಿ, ಮ್ಯಾಲ ಬಂದು ನೋಡು" ಎಂದು ಕರೆದರು. ಹತ್ತಿದರೆ ಮುಗಿಯಿತು.

ಅವಳು ಹತ್ತಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಂದು ಪೈಪಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಎದ್ದು ನಿಂತು, "ಸಾಹೇಬ್ರ, ಮೊದ್ಲ ನೀವು ಕೆಳಗಿಳೀರಿ" ಎಂದಳು.

"ಯಾಕ? ನಿನಗ ಮಾರ್ಕ್ಸ್ ಕೊಡಾವ ನಾನು."

"ಇಳದು ಕೊಡ್ರಿ. ಈ ಪೈಪಿನ ಕೆಳಗ ಕಬ್ಬಿಣದ ಪ್ಲೇಟ್ ಇಲ್ಲ, ಬರೇ ಇಟ್ಟಂಗಿ ಅದ. ನಿಮ್ಮ ಎಡಕ್ಕಿನ ಹಲಿಗಿ ಸಡ್ಲದ. ನಿಚ್ಚಣಿಕಿನೂ ಕಟ್ಟಿಲ್ಲ. ಸಾವಕಾಶ ಇಳೀರಿ, ನಾ ಹಿಡೀತೀನಿ."

ಸಾಹೇಬರು ಇಳಿದರು. ಅವರ ಕಾಲು ನೆಲಕ್ಕೆ ತಾಗಿದ್ದೇ ತಡ, ನಿಚ್ಚಣಿಕೆಗೆ ಕೆಂಪು ಕಾರ್ಡು ಕಟ್ಟಿದಳು.

"ಹೋದ ಸಲ ಜಿಗಿದಾಕಿ ನೀನ ಅಲ್ಲೇನು? ಈ ಸಲ ಯಾರು ಕಲಿಸಿದ್ರು?"

"ಈ ಸಲ ನಾನ ಮುತ್ಯಾಗ ಕಲಿಸೀನ್ರಿ" ಎಂದು ನನ್ನ ಕಡೆ ಕೈ ತೋರಿಸಿದಳು. ಸಾಹೇಬರು ನನ್ನನ್ನೂ ನನ್ನ ಹೆಲ್ಮೆಟ್ಟನ್ನೂ ಒಮ್ಮೆ ನೋಡಿ, ನಕ್ಕು, ಪಾಸೆಂದು ಬರೆದರು.

ಓಣಿಗೆ ಬಂದಾಗ ಗುತ್ತೇದಾರ ದಾರಿಗೆ ಅಡ್ಡ ಬಂದ. "ತಂಗಿ, ಒಂದ್ ಹತ್ತು ಹಸರು ಕಾರ್ಡ್ ಕೊಡವ್ವ. ನಿಂಬಿಕಾಯಿ ಸಂಗಟ ಕಟ್ಟಿಬಿಡ್ತೀನಿ, ಛಂದ ಕಾಣ್ತಾವ."

"ಕಾಕಾ, ಮೊದ್ಲ ಆ ಹಗ್ಗ ಬಿಚ್ಚಸ್ರಿ. ಕೆಂಪು ಬೇಕಾದ್ರ ಈಗ ಕೊಡ್ತೀನಿ."

"ಕೆಂಪು ನಮ್ಮ ಮನಿತನಕ್ಕ ಆಗಿಬರಂಗಿಲ್ಲ" ಎಂದು ಅವನು ನಡೆದೇಬಿಟ್ಟ. ಬಲಗಾಲು ಮುಂದಿಟ್ಟೇ ಹೋದ.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ತುಪ್ಪ ಸುರಿದ ಸಜ್ಜಕ. ಮಗ ರೊಟ್ಟಿ ಮುರಿಯುತ್ತ, "ನಾಳಿ ಮ್ಯಾಲಿನ ಅಂತಸ್ತಿನ ಕೆಲಸ ಅದ. ಲಗೂನ ಹಸರು ಕಟ್ಟಿಬಿಡವ್ವ, ನನಗ ತಡಾ ಆಗಬಾರದು" ಎಂದ.

"ನೋಡಿ ಕಟ್ತೀನಿ, ಅಪ್ಪಾ."

"ಹೆತ್ತಪ್ಪಗ ಕೆಂಪು ಕಟ್ತೀ ಏನು?"

"ಹೆತ್ತಪ್ಪಗ ಮೊದ್ಲ ಕಟ್ತೀನಿ."

ನನ್ನ ಮುಂದೆ ಎಂದೂ ಜೋರಾಗಿ ನಗದ ಸೊಸೆ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನಕ್ಕುಬಿಟ್ಟಳು. ನನ್ನ ಹೆಂಡತಿ ಮೊಮ್ಮಗಳ ತಾಟಿಗೆ ಇನ್ನೊಂದು ಸೌಟು ಸಜ್ಜಕ ಹಾಕಿ, "ಇನ್‌ಸ್ಪೆಕ್ಟರ್ ಹೇಳಿದ್ದು ಕೇಳಿತಿಲ್ಲೋ? ಸುಮ್ನ ಉಣ್ಣು" ಎಂದು ಮಗನನ್ನು ಗದರಿಸಿದಳು. ಅವನು ಸುಮ್ಮನೆ ಉಂಡ. ನಾವೂ ಉಂಡೆವು.