ಎರಡು ಬಗೆಯ ಕಾರ್ಡು

ವಿಮಲಾ, ನಿನ್ನ ತಂದೆ ಸತ್ತದ್ದು ಕೆರೆಯ ದಂಡೆಯಲ್ಲಿ ತಿಂದ ಸೀಬೆಹಣ್ಣಿನಿಂದಲ್ಲ. ನಾನು ಬರೆದ ಒಂದು ಕಾರ್ಡಿನಿಂದ, ನಾನು ಆಡಿದ ಒಂದು ಮಾತಿನಿಂದ. ಇದು ನನಗೆ ಏಳು ವರ್ಷದಿಂದ ಗೊತ್ತು. ಹೋದ ಭಾನುವಾರ ನೀನು ಕೇಳಿದಾಗಲೂ ಗೊತ್ತಿತ್ತು —

ನೀನು ಟ್ರೈನಿಂಗ್ ಕಾಲೇಜಿಗೆ ಸೇರಿ ಕುಕ್ ಟೌನಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೀಯೆಂದೂ, ಅಪ್ಪ ಕೊನೆಯ ಸಲ ಇಳಿದುಕೊಂಡ ಲಾಡ್ಜಿನ ಕೋಣೆಯನ್ನು ನೋಡಬೇಕೆನಿಸಿತೆಂದೂ ಹೇಳಿದೆ. ನಾನೀಗ ಆ ಲಾಡ್ಜಿನ ಗುಮಾಸ್ತನಲ್ಲ. ಕೆ.ಆರ್. ಪುರದ ಆಚೆಯ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ಮಾತ್ರ ಲಾಡ್ಜಿಗೆ ಹೋಗಿ ಅದರ ಯಜಮಾನರಾದ ಸಾಹೇಬರನ್ನು ಕಂಡು ಚಹಾ ಕುಡಿದು ಬರುತ್ತೇನೆ. ನಿನ್ನ ದುರದೃಷ್ಟವೋ ನನ್ನದೋ, ಅದೇ ಹೊತ್ತಿಗೆ ನೀನು ಬಂದೆ. ಐದನೆಯ ನಂಬರಿನ ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಕೇಳಿದೆ:

"ಅಣ್ಣಾ, ಅವತ್ತು ನಾನು ಸೀಬೆಹಣ್ಣಿಗೆ ಹಟ ಮಾಡ್ದೇ ಇದ್ದಿದ್ರೆ ಅಪ್ಪ ಇರ್ತಿದ್ರು, ಅಲ್ವಾ?"

"ಎಲ್ಲಾ ಹಣೆಬರಹ ಕಣಮ್ಮ" ಎಂದೆ.

ಅಣ್ಣಾ ಎಂದು ಕರೆದದ್ದಕ್ಕೆ ಈ ಕಾಗದದಲ್ಲಿ ನಿನ್ನನ್ನು ನೀನು ಎಂದೇ ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಹಾಗೆ ಕರೆಯಬೇಕಾಗಿಲ್ಲ.

ಆಗ ನನಗೆ ಹತ್ತೊಂಬತ್ತು. ಲಾಡ್ಜಿಗೆ ಬರುವವರ ಹೆಸರು, ಊರು, ಪೂರ್ತಿ ವಿಳಾಸ, ಬಂದ ಕಾರಣ ಇಷ್ಟನ್ನೂ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಅದು ಸಾಲದೆ ನನ್ನದೇ ಒಂದು ದಿನಚರಿ ಇತ್ತು. ಅದರಲ್ಲಿ ಎಲ್ಲದಕ್ಕೂ ಲೆಕ್ಕ: ಕೆರೆ ನೋಡಲು ಹೋದವರೆಷ್ಟು, ಹೂತೋಟಕ್ಕೆ ಹೋದವರೆಷ್ಟು, ರೇಷ್ಮೆ ಸೀರೆಗೆಂದೇ ಬಂದವರೆಷ್ಟು. ಯಾರೂ ಕೇಳಿದ ಲೆಕ್ಕವಲ್ಲ. ತಿಳಿಯಬೇಕೆನ್ನುವ ಚಪಲ, ಅಷ್ಟೆ.

ಆ ವರ್ಷದ ಮಳೆ ನಿನಗೆ ಗೊತ್ತಿರಲಾರದು. ಹಲಸೂರಿನ ಕೆರೆ ಕೋಡಿ ಬಿದ್ದು, ಮೋರಿಗಳೆಲ್ಲ ಹಿಮ್ಮುಖವಾಗಿ ಉಕ್ಕಿ, ತಗ್ಗಿನ ಮೂರು ಬೀದಿಗಳ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ವಾರಕ್ಕೆ ವಾಂತಿಭೇದಿ ಶುರುವಾಯಿತು. ಮೂರೇ ಬೀದಿ. ಬೆನ್ಸನ್ ಟೌನಿನಲ್ಲಿ ಜನ ಎಂದಿನಂತೆ ಸಂಜೆ ವಾಕಿಂಗ್ ಹೋಗುತ್ತಿದ್ದರು. ಆದರೆ ಪತ್ರಿಕೆಗಳಲ್ಲಿ ಬಂದದ್ದು ಬೀದಿಯ ಹೆಸರಲ್ಲ, ಊರಿನ ಹೆಸರು. ನಮ್ಮ ಹದಿನಾಲ್ಕು ಕೋಣೆಗಳಲ್ಲಿ ಹನ್ನೆರಡು ಖಾಲಿಯಾದವು.

ಉಳಿದ ಎರಡು ಕೋಣೆಗೆ ಬಂದುಹೋಗುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ — ನಮ್ಮೂರಿನ ವಿಷಯ ಏನು ಕೇಳಿದಿರಿ? ಉತ್ತರಗಳನ್ನು ಬರೆದಿಟ್ಟಿದ್ದೇನೆ. ಮೈಸೂರಿನವರು ಬೀದಿಗೆ ಮೋರಿ ನೀರು ಬಂತಂತೆ ಎಂದರು. ಹುಬ್ಬಳ್ಳಿಯವರು ಕೆರೆಯ ಏರಿ ಒಡೆಯಿತಂತೆ ಎಂದರು. ಬೊಂಬಾಯಿಯಿಂದ ಬಂದ ವ್ಯಾಪಾರಿ, ದಂಡು ಪ್ರದೇಶದಲ್ಲಿ ದೋಣಿ ಓಡಾಡುತ್ತಿವೆಯಂತಲ್ಲ, ಎಲ್ಲಿ ತೋರಿಸಿ ಎಂದ. ದೂರ ಹೋದಷ್ಟೂ ನೀರು ಏರುತ್ತಿತ್ತು! ನನಗೆ ಅದೊಂದು ವಿಸ್ಮಯ. ಹಾಗಾದರೆ ನೀರು ಇಳಿದ ಸುದ್ದಿ ಹೇಗೆ ಪ್ರಯಾಣ ಮಾಡುತ್ತದೆ? ಅದೂ ದೊಡ್ಡದಾಗುತ್ತದೆಯೋ, ದಾರಿಯಲ್ಲೇ ಆರಿಹೋಗುತ್ತದೆಯೋ?

"ನೀರು ಮೂರು ದಿನಕ್ಕೆ ಇಳಿದೋಯ್ತು ಬೇಟಾ, ಮಾತು ಇಳಿಯೋಕೆ ಮೂರು ತಿಂಗ್ಳು ಬೇಕು" ಎಂದರು ಸಾಹೇಬರು. ರಿಜಿಸ್ಟರಿನಲ್ಲಿರುವ ಹಳೆಯ ಗಿರಾಕಿಗಳಿಗೆ ಕಾರ್ಡು ಬರೆಯೋಣ ಎಂದು ಹೇಳಿದವನು ನಾನೇ. ಅವರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ನಮ್ಮ ಹಿತ್ತಲ ಬಾವಿಗೆ ಮುನಿಸಿಪಾಲಿಟಿಯವರು ಔಷಧಿ ಸುರಿದು, ಕಟ್ಟೆಗೆ ಕೆಂಪು ಬಣ್ಣ ಬಳಿದು, ನಾವು ಮತ್ತೆ ಬಂದು ನೋಡುವವರೆಗೆ ಕುಡಿಯಬೇಡಿ ಎಂದು ಹೋಗಿದ್ದರು. ಬೀದಿ ನಲ್ಲಿಯ ನೀರು ತಂದು ಕಾಯಿಸಿ ಕೊಡಬೇಕಿತ್ತು. ಸಾಹೇಬರು ಹೇಳಿದ್ದು ಇದು:

"ಬಾವಿ ವಿಷಯಾನೂ ಬರಿ. ಸುಳ್ಳು ಹೇಳಿ ಕರ್ಸಿದ್ ಮೇಮಾನ್ ಎರಡ್ನೇ ಸಲ ಬರಲ್ಲ."

ಹೀಗೆಂದು ಹೇಳಿ ಅವರು ತಂಗಿಯ ಮಗಳ ಮದುವೆಗೆಂದು ಕೋಲಾರಕ್ಕೆ ಹೋದರು. ನಾನು ನಲವತ್ತು ವಿಳಾಸ ಆರಿಸಿ, ಒಂದರಿಂದ ನಲವತ್ತರವರೆಗೆ ನಂಬರು ಹಾಕಿದೆ. ಬೆಸ ನಂಬರಿನವರಿಗೆ ನಿಜ ಬರೆದೆ — ನೀರು ಇಳಿದಿದೆ, ಬಾವಿ ಇನ್ನೂ ಶುದ್ಧವಾಗಿಲ್ಲ, ಸಂಕ್ರಾಂತಿಯ ನಂತರ ಬಂದರೆ ಒಳ್ಳೆಯದು. ಸಮ ನಂಬರಿನವರಿಗೆ ಬರೆದೆ — ಇಲ್ಲಿ ಎಲ್ಲ ಮೊದಲಿನಂತೆಯೇ ಇದೆ, ಯಾವ ಕಾಯಿಲೆಯೂ ಇಲ್ಲ, ದೀಪಾವಳಿಯ ರಜೆಗೆ ಬನ್ನಿ.

ಏಕೆ? ಯಾರೂ ಒತ್ತಾಯಿಸಲಿಲ್ಲ. ಲಾಡ್ಜು ಮುಚ್ಚಿಹೋಗುತ್ತದೆಂಬ ಭಯವೂ ಅಲ್ಲ. ಹಾಗೆಂದು ಬರೆದರೆ ನಿನಗೆ ಓದಲು ಸ್ವಲ್ಪ ಹಿತವಾದೀತು, ಆದರೆ ಅದು ನಿಜವಲ್ಲ. ಯಾವ ಕಾರ್ಡಿಗೆ ಎಷ್ಟು ಜನ ಬರುತ್ತಾರೆ ಎಂದು ನೋಡಬೇಕಿತ್ತು. ನೋಡಬೇಕಿತ್ತು — ಅಷ್ಟೆ, ವಿಮಲಾ. ಸುಳ್ಳು ಹೇಳುತ್ತಿದ್ದೇನೆ ಎಂದು ಕೂಡ ಅನ್ನಿಸಲಿಲ್ಲ. ಎರಡು ಮಡಿಯಲ್ಲಿ ಎರಡು ಬಗೆಯ ಬೀಜ ಹಾಕಿದಂತೆ ಅನ್ನಿಸಿತ್ತು.

ಹಿರಿಯೂರಿನ ನಂಜುಂಡಯ್ಯ ಮೇಷ್ಟ್ರ ನಂಬರು ಹನ್ನೆರಡು. ಅವರ ಮೇಲಿನ ಸಾಲಿನಲ್ಲಿದ್ದವರ ವಿಳಾಸ ಮಳೆಯಲ್ಲಿ ನೆಂದು ಅಳಿಸಿರದಿದ್ದರೆ ಅವರದು ಹದಿಮೂರಾಗುತ್ತಿತ್ತು. ಇದನ್ನು ನಾನು ಎಷ್ಟು ಸಲ —

ಅವರೇ ಮೊದಲು ಬಂದವರು. ಕೈಯಲ್ಲಿ ನನ್ನ ಕಾರ್ಡು, ಇನ್ನೊಂದು ಕೈಯಲ್ಲಿ ಎರಡು ಜಡೆಯ ನೀನು. ನನಗೆ ಎಂಥ ಸಂಭ್ರಮ! ರಿಜಿಸ್ಟರಿಗೆ ಸಹಿ ಹಾಕುವ ಮೊದಲೇ ಪ್ರಶ್ನೆಗಳ ಮೇಲೆ ಪ್ರಶ್ನೆ. ಕಾರ್ಡು ಎಂದು ತಲುಪಿತು, ಓದಿದೊಡನೆ ಹೊರಡಬೇಕೆನಿಸಿತೇ, ಬೇರೆ ಯಾರಿಗಾದರೂ ತೋರಿಸಿದಿರಾ? ಅವರು ನಕ್ಕು, ಊರಲ್ಲಿ ಹಾಜರಿ ತೆಗೆದುಕೊಳ್ಳುವ ಮೇಷ್ಟ್ರು ನಾನು, ಇಲ್ಲಿ ನೀನಪ್ಪ ಎಂದರು. ಆಮೇಲೆ ಮೇಜಿನ ಮೇಲಿದ್ದ ಹೂಜಿಯತ್ತ ನೋಡಿ ಕೇಳಿದರು:

"ನೀರು ಕಾಯ್ಸಿದ್ದೇನಯ್ಯ?"

"ಕಾಯ್ಸಿದ್ದೇ ಸಾರ್" ಎಂದೆ.

ಅಂದು ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಹಿತ್ತಲಲ್ಲಿ ಬಾವಿಯ ಹಗ್ಗ ಒದ್ದೆಯಾಗಿತ್ತು, ಅದನ್ನು ನೋಡಿದ್ದೆ. ಅಡುಗೆಯವನು ಸೌದೆ ಹಸಿ, ಉರಿಯುತ್ತಿಲ್ಲ ಎಂದು ಗೊಣಗುತ್ತಿದ್ದುದನ್ನೂ ಕೇಳಿದ್ದೆ. ಅಡುಗೆಮನೆಗೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು, ಹತ್ತು ಹೆಜ್ಜೆ. ನನ್ನ ಮುಂದೆ ದಿನಚರಿ ತೆರೆದಿತ್ತು, ಮುಂದಿನ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಏಳಲಿಲ್ಲ.

ನೀನು ಒಂದು ಗುಟುಕು ಕುಡಿದು, ಮಣ್ಣು ವಾಸನೆ ಎಂದು ಮುಖ ಕಿವುಚಿ ಕಿಟಕಿಯಾಚೆ ಉಗುಳಿದೆ. ಅಪ್ಪ ಗದರಿಸಿ, ತಾವು ಅದೇ ನೀರು ಕುಡಿದರು. ಅಲ್ಲಿದ್ದ ಎರಡು ದಿನವೂ ನೀನು ಗೋಲಿಸೋಡಾ ಬೇಕೆಂದು ಕಾಡಿದೆ, ಅವರು ಕೊಡಿಸಿದರು. ಕೆರೆಯ ಹತ್ತಿರ ಕತ್ತರಿಸಿ ಉಪ್ಪುಖಾರ ಹಚ್ಚಿದ ಸೀಬೆಹಣ್ಣು ಕೊಡಿಸಿಕೊಂಡೆಯಲ್ಲ, ಅದರಲ್ಲಿ ಮುಕ್ಕಾಲು ತಿಂದವಳು ನೀನೇ ಎಂದು ಅವರೇ ನನ್ನೆದುರು ನಿನ್ನನ್ನು ಛೇಡಿಸಿದರು. ನಿನಗೆ ಏನೂ ಆಗಲಿಲ್ಲ. ಆ ಬಾವಿಯ ನೀರು ಕುಡಿದವರು ನಾಲ್ವರು, ಹಾಸಿಗೆ ಹಿಡಿದವರು ಮೂವರು. ಅಡುಗೆಯವನೂ ಅವರಲ್ಲೊಬ್ಬ, ಬದುಕಿದ. ನಾನು ಡಾಕ್ಟರಲ್ಲ. ಆದರೆ ಈ ಲೆಕ್ಕವನ್ನು ಅದೇ ವಾರ ಬರೆದಿದ್ದೇನೆ, ತಪ್ಪಿಲ್ಲ.

ಮೇಷ್ಟ್ರು ಊರು ತಲುಪಿದ ಮರುದಿನ ತೀರಿಕೊಂಡರೆಂದು ನಿನ್ನ ತಾಯಿ ಬರೆದರು. ಅಂಥ ಹೊತ್ತಿನಲ್ಲೂ ಅವರಿಗೆ ನಮ್ಮ ಲಾಡ್ಜಿನ ಹೆಸರು ಕೆಡಬಾರದೆಂಬ ಕಾಳಜಿ. ನಿಮ್ಮ ಕಡೆಯಿಂದ ಏನೂ ಲೋಪವಿಲ್ಲ, ಮಗು ಹಟ ಮಾಡಿ ಕೆರೆಯ ಹತ್ತಿರ ಹಣ್ಣು ತಿನ್ನಿಸಿತು, ಈಗ ಅದು ಸೀಬೆಹಣ್ಣು ಕಂಡರೆ ಅಳುತ್ತದೆ ಎಂದು ಬರೆದಿದ್ದರು. ನಾನು ಉತ್ತರದಲ್ಲಿ ಸಂತಾಪ ಸೂಚಿಸಿದೆ. ಅಷ್ಟನ್ನೇ ಸೂಚಿಸಿದೆ.

ಮೊದಲ ತಪ್ಪು ಅರಿಯದ ವಯಸ್ಸಿನದು ಎಂದು ಯಾರಾದರೂ ಅಂದಾರು. ಇದನ್ನು ಹಾಗೆನ್ನಲು ಬರುವುದಿಲ್ಲ. ಹನ್ನೆರಡು ವರ್ಷದ ಹುಡುಗಿಯ ತಲೆಯ ಮೇಲೆ ನನ್ನ ಹೊರೆ ಕುಳಿತಿರುವುದು ತಿಳಿದೂ ಅದನ್ನು ಅಲ್ಲೇ ಬಿಟ್ಟೆ. ಏಳು ವರ್ಷ ಬಿಟ್ಟೆ.

ನನ್ನ ಪ್ರಶ್ನೆಗೆ ಉತ್ತರವೂ ಸಿಕ್ಕಿತು — ಸಿಕ್ಕಿದ್ದನ್ನು ಮುಚ್ಚಿಟ್ಟರೆ ಇದು ಪೂರ್ತಿ ನಿವೇದನೆಯಾಗುವುದಿಲ್ಲ. ಸಮ ನಂಬರಿನವರಲ್ಲಿ ಆರು ಜನ ತಿಂಗಳೊಳಗೇ ಬಂದರು. ಮರುವರ್ಷ ಅವರಲ್ಲಿ ಒಬ್ಬರೇ ಬಂದರು. ನಿಜ ತಿಳಿಸಿದ್ದ ಬೆಸ ನಂಬರಿನವರಲ್ಲಿ ಆಗ ಯಾರೂ ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹನ್ನೊಂದು ಜನ ಬಂದರು, ನೆಂಟರನ್ನೂ ಕರೆತಂದರು. ಅವರಲ್ಲಿ ಹೆಚ್ಚಿನವರು ಈಗಲೂ ಬರುತ್ತಾರೆ. ಬೇಸಗೆಯ ಹೊತ್ತಿಗೆ ಹದಿನಾಲ್ಕೂ ಕೋಣೆ ತುಂಬಿತು. ಊರಿನ ಹೆಸರು ತಾನಾಗಿ ಚೇತರಿಸಿಕೊಂಡಿತು, ನನ್ನ ಸುಳ್ಳು ಅದಕ್ಕೆ ಬೇಕಾಗಿಯೇ ಇರಲಿಲ್ಲ. ಸಾಹೇಬರು ಮೊದಲೇ ಹೇಳಿದ್ದ ಮಾತನ್ನು ನಾನು ಎಣಿಸಿ ನೋಡಿದೆ. ಮೇಷ್ಟ್ರು ಸತ್ತ ಮೇಲೂ ಎಣಿಸುವುದನ್ನು ನಿಲ್ಲಿಸಿರಲಿಲ್ಲ.

ಇಂದು ಬೆಳಿಗ್ಗೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು, ಆ ಮಗೂಗೆ ಹೇಳ್ದ್ಯಾ ಎಂದು ಮಾತ್ರ ಕೇಳಿದರು. ನಾನು ತಂದ ಚಹಾ ಹಾಗೇ ಆರಿತು.

ಈ ಕಾಗದದ ಜೊತೆ ಆ ವರ್ಷದ ದಿನಚರಿಯನ್ನೂ ನಿನ್ನ ಚಿಕ್ಕಮ್ಮನ ಮನೆಗೆ ನಾನೇ ತಂದು ಕೊಡುತ್ತೇನೆ. ಬಾಗಿಲಲ್ಲೇ ನಿಂತಿರುತ್ತೇನೆ, ಒಳಗೆ ಕರೆಯಬೇಡ. ತಾಯಿಗೆ ನೀನು ಹೇಳುವೆಯಾದರೆ ಹೇಳು, ನಾನೇ ಹೇಳಬೇಕೆಂದರೆ ಹಿರಿಯೂರಿಗೆ ಬಂದು ಹೇಳುತ್ತೇನೆ.

ದಿನಚರಿಯಲ್ಲಿ ಕಾರ್ಡುಗಳ ಪುಟಕ್ಕೆ ದಾರ ಇಟ್ಟಿದ್ದೇನೆ. ಹನ್ನೆರಡನೆಯ ಸಾಲು ನೋಡು. ಉಳಿದೆಲ್ಲ ನೀಲಿ ಶಾಯಿ, ಅದೊಂದು ಕೆಂಪು. "ಬಂದರು. ಜೊತೆಗೆ ಮಗಳು" ಎಂದಿದೆ. ಮೊದಲ ಫಲವೆಂಬ ಸಂತೋಷಕ್ಕೆ ಅಂದು ಶಾಯಿ ಬದಲಿಸಿ ಬರೆದದ್ದು.