ತೊಟ್ಟಿಲ ಹತ್ತಿರ ನಾನು ಆಡಿದ ಮಾತು

ನನ್ನ ನಾಲ್ಕನೆಯ ಮಗಳಿಗೆ ನಾನು ಇಟ್ಟ ಹೆಸರಿನ ಅರ್ಥ, ಇನ್ನು ಹೆಣ್ಣು ಬೇಡ ಎಂದು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ನಮ್ಮ ಕಡೆ ಅಂಥ ಹೆಸರಿಡುತ್ತಿದ್ದರು. ಹಾಗೆ ಕರೆದರೆ ಮುಂದಿನದು ಗಂಡಾಗುತ್ತದೆ ಎಂಬ ನಂಬಿಕೆ. ಎರಡು ವರ್ಷಕ್ಕೆ ಗಂಡೇ ಹುಟ್ಟಿತು. ಹೆಸರು ಫಲ ಕೊಟ್ಟಿತು ಎಂದು ರಾಯಬಾಗದ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಹೋದ ವರ್ಷ ಆ ಮಗನ ಮಗಳಿಗೆ ಹೆಸರಿಡುವಾಗ ಆದ ರಾದ್ಧಾಂತಕ್ಕೆಲ್ಲ ಬೇರು ಇಲ್ಲಿಯೇ ಇದೆ. ನಮ್ಮ ಮನೆಯ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಸೊಸೆ ನಿಪ್ಪಾಣಿಯವಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದವಳು. ಅವಳಿಗೆ ಮಗಳ ಹೆಸರು ಇಂಗ್ಲಿಷಿನದೇ ಆಗಬೇಕಿತ್ತು. ಅದೂ ತಾಲೂಕಿನಲ್ಲಿ ಯಾರೂ ಇಟ್ಟಿರಬಾರದು. ಚಿಕ್ಕೋಡಿಯ ದವಾಖಾನೆಯಿಂದ ಬಂದ ದಿನದಿಂದ ಗಂಡ ಹೆಂಡತಿ ಮೊಬೈಲು ಹಿಡಿದು ಕುಳಿತರು.

"ಮಾಮಾ, ಇದ ಕೇಳ್ರಿ, ಕಿತೀ ಛಾನ, ಎಷ್ಟ ಚೆಂದ ಐತಿ! ಕ್ಲಾಡಿಯಾ!"

"ಏನ ಹಂಗಂದ್ರ?"

"ಕುಂಟಿ ಅಂತ ಐತ್ರಿ." ತಾನೇ ನಾಲಿಗೆ ಕಚ್ಚಿಕೊಂಡಳು.

ಇನ್ನೊಂದು ಹೆಸರಿನ ಅರ್ಥ ಕುರುಡಿ, ಮತ್ತೊಂದರದು ಸೊಟ್ಟ ಮೂಗು. ಹಡೆದವರು ಇಂಥವನ್ನು ಯಾಕೆ ಇಡುತ್ತಾರೆ ಎಂದು ನಾನು ರೇಗಿದೆ. ರೇಗುವಾಗ ನನಗೆ ನನ್ನದು ನೆನಪಾಗಲಿಲ್ಲ. ಅದೇ ನನ್ನ ಮೊದಲ ತಪ್ಪು.

ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನಮ್ಮ ಮನೆಯಲ್ಲಿ, ತಂದೆಯಾದವನು ಯಾವ ಅಕ್ಕನ ಬೆನ್ನಿಗೆ ಹುಟ್ಟಿದನೋ ಆ ಅಕ್ಕನೇ ಹೇಳಬೇಕು. ಅಂದರೆ ನನ್ನ ನಾಲ್ಕನೆಯ ಮಗಳು. ಅವಳು ಹೇಳದಿದ್ದರೆ ಹೆಸರು ಇಟ್ಟಂತೆ ಅಲ್ಲ. ಕಾಗವಾಡದಿಂದ ವಾರ ಮುಂಚೆಯೇ ಬಂದಿದ್ದಳು, ಹಳೆಯ ಸೀರೆಗಳಿಂದ ಹೊಲಿದ ಚಿಕ್ಕ ಕೌದಿ ತಂದಿದ್ದಳು. ಪ್ರತಿ ಹೆಸರಿಗೂ ಅವಳದು ಒಂದೇ ಪ್ರಶ್ನೆ: "ಅರ್ಥ ಏನು?" ದಿನಕ್ಕೆ ಇಪ್ಪತ್ತು ಸಲ. ಕೇಳಿ ಕೇಳಿ ನನ್ನ ತಲೆ ಸಿಡಿಯುತ್ತಿತ್ತು.

ಕಡೆಗೆ ಒಂದು ಮಧ್ಯಾಹ್ನ ಮಗ ಬಂದು ಘೋಷಿಸಿದ. "ಮೆಲರಿ. ಫಿಕ್ಸ್. ಮಲ್ಲಿಗಿ ಇದ್ದಂಗ ಕೇಳಸ್ತೈತಿ. ಬ್ಯಾನರ್ ಮಾಡಾಕ ಕೊಟ್ಟ ಬಂದೇನಿ."

"ಅರ್ಥ ಏನಪಾ?" ಎಂದಳು ಮಗಳು.

ಅವನು ಹೆಂಡತಿಯ ಮುಖ ನೋಡಿದ. ಅವಳು ಮೆಲ್ಲಗೆ, "ದುರ್ದೈವಿ ಅಂತ ಐತ್ರಿ ತಾಯಿ. ಪಣ ಅದು ಜುನಾ, ಹಳೇ ಅರ್ಥ. ಈಗ ಯಾರೂ ಹಂಗ ತಗೋಳೂದಿಲ್ಲ" ಎಂದಳು. ನಾದಿನಿಯನ್ನು ಅವಳು ಮರಾಠಿಯವರ ಹಾಗೆ ತಾಯಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು.

"ಈ ಹೆಸರ ನಾ ಕಿವ್ಯಾಗ ಹೇಳೂದಿಲ್ಲ."

"ಯಕ್ಕಾ, ಈ ಊರಾಗ ಯಾರಿಗೆ ಗೊತ್ತಾಗತೈತಿ?"

"ಆಕಿಗೇ ಗೊತ್ತಾಗತೈತಿ. ನಾಳೆ ಓದಾಕ ಕಲೀತಾಳಲ್ಲ."

ನಾನು ತಡೆಯಲಾರದೆ ಕೂಗಿದೆ. "ಎಷ್ಟ ದಿನಾ ಎಳೀತೀರಿ ಇದನ್ನ? ಹೆಸರಿನ ಅರ್ಥ ಏನ ಮೈಗೆ ಅಂಟತೈತಿ? ಕರದ್ರ ತಿರುಗಿ ನೋಡಿದ್ರ ಆತು!"

ಮಗಳು ಕೌದಿ ಮಡಚುತ್ತಿದ್ದಳು. ಕೈ ನಿಂತಿತು. "ಅಂಟತೈತೋ ಇಲ್ಲೋ, ನನ್ನ ಕೇಳ ಅಪ್ಪಾ" ಎಂದಳು. ದನಿ ಏರಿಸಲಿಲ್ಲ. ಕೌದಿಯನ್ನು ತೊಟ್ಟಿಲಿಗೆ ಹಾಸಿ, ಚೀಲ ತೆಗೆದುಕೊಂಡು, ನಾಲ್ಕರ ಬಸ್ಸಿಗೆ ಹೊರಟುಹೋದಳು.

ಕಾರ್ಯಕ್ಕೆ ನಾಲ್ಕು ದಿನ ಉಳಿದಿತ್ತು. ಮಗ ಫೋನು ಮಾಡಿದರೆ ಎತ್ತಲಿಲ್ಲ. "ನಿನ್ನ ಬಾಯಿಂದ ಆಗಿದ್ದು, ನೀನ ಹೋಗಿ ಕರಕೊಂಡ ಬಾ" ಎಂದು ಅವನು ನನಗೆ ಗದರಿದ. ಎರಡು ದಿನ ನಾನು ಅವನ ಮೇಲೆ, ಸೊಸೆಯ ಮೇಲೆ, ಮೊಬೈಲಿನ ಮೇಲೆ ಸಿಟ್ಟು ಮಾಡಿಕೊಂಡೇ ಕುಳಿತೆ. ಮೂರನೆಯ ದಿನ ಬಸ್ಸು ಹತ್ತಿದೆ. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆಯೂ ಬಸ್ಸು ನರಳುತ್ತ ಸಾಗಿತು. ಕಾಗವಾಡ ಮುಟ್ಟುವ ಹೊತ್ತಿಗೆ, ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಕಂಡಕ್ಟರನ ಜೊತೆ ಜಗಳವಾಡಿ ಮುಗಿದಿತ್ತು.

ಮಗಳು ಎಮ್ಮೆಗೆ ಮೇವು ಹಾಕುತ್ತಿದ್ದಳು. ನೋಡಿದಳು, ಕೆಲಸ ಬಿಡಲಿಲ್ಲ.

"ನಿನ್ನ ಹೆಸರು ಬದಲಿ ಮಾಡಸೋಣು" ಎಂದೆ ನಾನು, ನಿಂತಲ್ಲಿಯೇ. "ಅಥಣ್ಯಾಗ ವಕೀಲರದಾರ. ಕಾಗದಾ ಮಾಡಿ ಕೊಡ್ತಾರ."

ಅವಳಿಗೆ ನಗು ಬಂತು. "ಆಧಾರ, ರೇಶನ್ ಕಾರ್ಡ್, ಬ್ಯಾಂಕ, ಹುಡುಗರ ಸರ್ಟಿಫಿಕೇಟ್... ಎಲ್ಲಾ ಕಡೆ ನೀ ಲೈನಿನ್ಯಾಗ ನಿಂದರ್ತಿ?"

"ನಿಂದರ್ತೀನಿ."

"ಅರ್ಧಾ ತಾಸಿನ್ಯಾಗ ಸಿಟ್ಟಿಗೆದ್ದ ಮನೀಗ ಹೋಗ್ತಿ."

ಅದು ನಿಜ. ಆಮೇಲೆ ಅವಳು ಕೇಳಿದಳು: "ಸಾಲ್ಯಾಗ ಹಾಜರಿ ಕೂಗಿದ್ರ ಹುಡುಗ್ರೆಲ್ಲಾ ನಗ್ತಿದ್ರು. ಅಳಕೋತ ಬಂದ ನಿನಗ ಹೇಳಿದ್ನಿ. ನೀ ಏನಂದಿ, ನೆನಪೈತಿ?"

ನೆನಪಿತ್ತು. ಆ ಹೆಸರಿನಿಂದಲೇ ನಿನಗೆ ತಮ್ಮ ಬಂದ, ಖುಷಿಪಡು ಎಂದಿದ್ದೆ. ಎಂಟು ವರ್ಷದ ಹುಡುಗಿಗೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ. ಹೆಸರಿಗೆ ಶಕ್ತಿ ಇದೆಯೆಂದು ಸಂತೆಯಲ್ಲಿ ಸಾರಿದವನು ನಾನೇ, ಹೆಸರಿಗೆ ಅರ್ಥ ಅಂಟುವುದಿಲ್ಲವೆಂದು ತೊಟ್ಟಿಲ ಹತ್ತಿರ ಕೂಗಿದವನೂ ನಾನೇ.

"ತಪ್ಪ ನಂದು" ಎಂದೆ. ಚಿಲ್ಲರೆ ಕೇಳಿದ ಹಾಗೆ ಬಂತು ಮಾತು. ಇಷ್ಟು ವರ್ಷ ಅಭ್ಯಾಸವಿಲ್ಲದ ಬಾಯಿಗೆ ಅಷ್ಟೇ ಸಾಧ್ಯವಾಯಿತು.

ಅವಳು ಒಳಗೆ ಹೋಗಿ ಚಹಾ ತಂದಳು. ಕಪ್ಪನ್ನು ನನ್ನ ಕೈಗೆ ಕೊಡುತ್ತ ಹೇಳಿದಳು: "ಅತ್ತಿ ನನ್ನ ಕಿವ್ಯಾಗ ಆ ಹೆಸರ ಹೇಳೇ ಇಲ್ಲಂತ, ಗೊತ್ತೈತಿ?"

ಅತ್ತೆ ಎಂದರೆ ನನ್ನ ಅಕ್ಕ. ಈಗಿಲ್ಲ. ಈ ಮಗಳ ತೊಟ್ಟಿಲಿನ ಮೇಲೆ ಅವಳು ಬಾಗಿ ತಡಮಾಡಿದಾಗ, ಬಾಗಿಲಲ್ಲಿ ನಿಂತು ಲಗೂ ಮುಗಿಸು ಎಂದು ನಾನು ಕೂಗಿದ್ದೆ. ಅವಳು ತಲೆಯೆತ್ತಿ ನಾನು ಇಟ್ಟ ಹೆಸರನ್ನೇ ಎಲ್ಲರಿಗೆ ಕೇಳುವಂತೆ ಹೇಳಿದ್ದಳು.

"ಮತ್ತೇನ ಹೇಳಿದ್ಲು ಕಿವ್ಯಾಗ?"

"ನನ್ನ ಲಗ್ನದ ಮುಂದ ನನಗ ತಿಳಿಸ್ಯಾಳ. ನಿನಗ ಹೇಳೂದಿಲ್ಲ."

ನಾನು ಬೇಡಿಕೊಂಡೆ. ಆಮೇಲೆ, ನಾಚಿಕೆಯಿಂದ ಬರೆಯುತ್ತೇನೆ, ಹೆತ್ತ ಅಪ್ಪನಿಗೇ ಹೇಳುವುದಿಲ್ಲವೇ ಎಂದು ಜೋರು ಮಾಡಿದೆ. ಅವಳು ಖಾಲಿ ಕಪ್ಪು ತೆಗೆದುಕೊಂಡು ಎದ್ದಳು. "ನಾಳೆ ಬರ್ತೀನಿ. ಆ ಮೆಲರಿ ತಗಸಿ ಹಾಕಸು ಮೊದಲ."

ಮೆಲರಿ ಹೋಯಿತು. ಮಗ ಗೊಣಗುತ್ತ ಬ್ಯಾನರು ಬದಲಿಸಿದ. ಸೊಸೆ ಹುಡುಕಿದ ಹೊಸ ಹೆಸರೂ ಇಂಗ್ಲಿಷಿನದೇ, ಅರ್ಥ ಒಂದು ಚಿಕ್ಕ ಹಕ್ಕಿ. ಹಾಗಾದರೆ ಗುಬ್ಬಿ ಎಂದೇ ಇಡಬಹುದಿತ್ತಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕಾರ್ಯದ ದಿನ ಮಗಳು ತೊಟ್ಟಿಲಿನ ಮೇಲೆ ಬಾಗಿ, ಹೆಸರಿಗೆ ಮುಂಚೆ ಕೂಸಿನ ಕಿವಿಯಲ್ಲಿ ಮಾಡುವ ಸದ್ದು ಮಾಡಿ, "ಕುರ್ರ್..." ಎಂದಳು. ಪದ್ಧತಿಯ ಹಾಗೆ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು. ಅವಳು ತಲೆ ಎತ್ತಲಿಲ್ಲ.

"ಏನ ಬೇ, ಕಾಗವಾಡದ ಸುದ್ದಿ ಎಲ್ಲಾ ಈಗೇ ಹೇಳಾಕತ್ತಿ ಏನ?" ಎಂದು ಯಾರೋ ನಕ್ಕರು. ಗುದ್ದು ಇನ್ನೂ ಜೋರಾಯಿತು. ಆ ಹಕ್ಕಿಯ ಹೆಸರು ಹೇಳಲು ಒಂದು ಉಸಿರು ಸಾಕು. ಅವಳು ಬಾಗಿಯೇ ಇದ್ದಳು. ನಾನು ಅಂದಿನ ಅದೇ ಬಾಗಿಲಲ್ಲಿ ನಿಂತಿದ್ದೆ. ಲಗೂ ಮುಗಿಸು ಎನ್ನಲಿಲ್ಲ.

ಮೊಮ್ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಅವಳ ಹೆಸರು ನನ್ನ ನಾಲಿಗೆಗೆ ಇನ್ನೂ ಸರಿಯಾಗಿ ಹೊರಳುವುದಿಲ್ಲ. ಭಾನುವಾರ ಕಾಗವಾಡದಿಂದ ಫೋನು ಬರುತ್ತದೆ. ಮೊಬೈಲಿನ ಮೇಲೆ ನಾನಿಟ್ಟ ಆ ಹೆಸರೇ ಬೆಳಗುತ್ತದೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಕೊಟ್ಟರೆ ಸೊಸೆ ಒಂದು ನಿಮಿಷದಲ್ಲಿ ತಿದ್ದಿಕೊಡುತ್ತಾಳೆ. ಆದರೆ ಏನೆಂದು ಬರೆಯಲಿ ಎಂದು ಅವಳು ಕೇಳುತ್ತಾಳೆ. ನನ್ನ ಅಕ್ಕ ಆ ಕಿವಿಯಲ್ಲಿ ಹೇಳಿದ ಹೆಸರು ನನಗೆ ಗೊತ್ತಿಲ್ಲ.