ಬಾಜೂ ಪಿನ್ನು

ಅವನ ಈಮೇಲ್ ಬಂದಾಗ ನಾ ಮೂಡಲಗಿ ಮನ್ಯಾಗ ರೊಟ್ಟಿ ತಿನ್ನಾಕತ್ತಿದ್ನಿ. ಹೆಸರ ನೋಡಿದ್ದ ತಡ, ರೊಟ್ಟಿ ತಾಟಿನ್ಯಾಗ ಬಿಟ್ಟ ಎದ್ನಿ.

ಅಂಗೈಯಷ್ಟು ಸಣ್ಣ ಕಂಪ್ಯೂಟರ್ ಬೋರ್ಡ್ ಇರ್ತಾವಲ್ಲ, ಅದರ ಯಾವ ಪಿನ್ನಿಗೆ ಏನ ಜೋಡಿಸೇತಿ ಅನ್ನೂದು ಒಳಗಿನ ಕರ್ನಲ್ಲಿಗೆ, ಅಂದ್ರ ಅದನ್ನ ನಡಸೋ ಮೂಲ ಸಾಫ್ಟ್‌ವೇರಿಗೆ, ತಾನಾಗೇ ತಿಳ್ಯಾಂಗಿಲ್ಲ. ಒಂದ ಫೈಲಿನ್ಯಾಗ ಬರದು ಹೇಳಬೇಕು. ಡಿವೈಸ್ ಟ್ರೀ ಅಂತಾರ ಅದಕ್ಕ. ದೇಶ ದೇಶದ ಮಂದಿ ಎಲ್ಲಾರೂ ಓದೂ ಈಮೇಲ್ ಪಟ್ಟಿಗೆ ಬರದು ಕಳಸ್ತಾರ, ನಮ್ಮಂಥವರು ಸಾಲು ಸಾಲು ನೋಡಿ, ಸರಿ ಇದ್ರ ‘ನಾ ನೋಡೇನಿ’ ಅಂತ ಹೆಸರ ಹಾಕ್ತೇವಿ. ಹಾಕಲಿಲ್ಲಂದ್ರ ಫೈಲು ಮುಂದ ಹೋಗಂಗಿಲ್ಲ. ಒಂದ ಜಾತಿ ಚಿಪ್ಪಿನ ಬೋರ್ಡಿನ ಫೈಲೆಲ್ಲಾ ನನ್ನ ಕಡೆ ಬರ್ತಾವು, ಅವಂದೂ ಹಂಗ ಬಂತು. ಲಗ್ನ ಆಗಿ ನನ್ನ ಅಡ್ಡಹೆಸರ ಬದಲಾಗಿತ್ತು, ಪಾಪ, ಅವಂಗ ಗುರ್ತ ಹತ್ತಿರಲಿಲ್ಲ.

ಹಿಂದ ಗೋಕಾಕದ ಒಂದ ಸಣ್ಣ ವರ್ಕ್‌ಶಾಪಿನ್ಯಾಗ ಅಂವ ನನ್ನ ಮೇಲಿನವ. ಹೊಲದ ಮೋಟರ್ ಚಾಲೂ ಮಾಡೋ ಬೋರ್ಡಿನ ಫೈಲು ಪೂರಾ ನಾ ಬರದಿದ್ನಿ. ಮಾಲಕರ ಮುಂದ ಅಂವ ಅದನ್ನ ತನ್ನದಂತ ತೋರಿಸಿದ. "ಮತ್ತ ಈ ಹುಡುಗಿ?" ಅಂತ ಮಾಲಕರು ಕೇಳಿದ್ರ, "ಇಕೇನ್ರಿ, ಬರೇ ಟೈಪಿಂಗ್ ಮಾಡ್ತಾಳ" ಅಂದ. ನನ್ನ ಬಾಜೂಕ ನಿಂತಕೊಂಡ ಅಂದ! ತಿಂಗಳ ಮುಗಿಯೂದ್ರಾಗ ನನ್ನ ಬಿಡಿಸಿದ್ರು, ಟೈಪಿಂಗಿಗೆ ಬ್ಯಾರೆ ಮಂದಿ ಯಾಕಂತ. ಮನ್ಯಾಗ ಕುಂತ ಮಂದಿ ಫೈಲು ನೋಡಕೋತ ನೋಡಕೋತ ನಾ ಈ ಕೆಲಸಕ್ಕ ಬಂದ್ನಿ.

ಈಗ ಅಂವ ಹುಕ್ಕೇರಿಯೊಳಗ ಸ್ವಂತ ಅಂಗಡಿ ತಗದಾನ. ಕಳಿಸಿದ ಫೈಲು ತಗದ ನೋಡಿದ್ರ, ನಂದ! ಸಾಲು, ಜಾಗ, ಒಂದೂ ಬದಲಿಲ್ಲ. ಮ್ಯಾಲಿನ ಹೆಸರ ಅಷ್ಟ ಅವಂದು. ಮೈ ಉರದ ಹೋತು. ಕಳ್ಳ ಅಂತ ಬರದು ಕಳಸಬೇಕಂದ್ನಿ, ಆದ್ರ ಸಾಕ್ಷಿ ಏನ? ಅಷ್ಟರಾಗ ಮೋಟರಿನ ರಿಲೇ, ಅಂದ್ರ ಚಾಲೂ-ಬಂದ್ ಮಾಡೋ ಸ್ವಿಚ್ಚಿನ, ಸಾಲು ಕಣ್ಣಿಗೆ ಬಿತ್ತು. ನಗು ಬಂತು ನೋಡ್ರಿ.

ಆಗ ನನಗ ಕೊಟ್ಟ ಸ್ಯಾಂಪಲ್ ಬೋರ್ಡಿನ್ಯಾಗ ರಿಲೇ ಪಿನ್ನ ಮುರದಿತ್ತು. ನಾ ಬಾಜೂ ಪಿನ್ನಿಗೆ ತಂತಿ ಬೆಸದು, ಫೈಲಿನ್ಯಾಗೂ ಬಾಜೂ ಪಿನ್ನ ಅಂತನ ಬರದಿದ್ನಿ. ಅಂಥಾ ಬೋರ್ಡ್ ಜಗತ್ತಿನ್ಯಾಗ ಒಂದ. ಅಂವ ಒಗದ ಬಿಡು ಅಂದಾಗ ಮನಿಗೆ ತಂದಿದ್ನಿ. ಮೂರ್ಖ, ಅದನ್ನೂ ನಕಲ ಹೊಡದಾನ! ಒಮ್ಮೆರ ಮೋಟರ್ ಚಾಲೂ ಮಾಡಿ ನೋಡಿದ್ರ ತಿಳೀತಿತ್ತು.

ಎಲ್ಲಾರಿಗೂ ಕಾಣೂಹಂಗ ಉತ್ತರ ಬರದ್ನಿ, ಭಾಳ ಮರ್ಯಾದಿಲೆ. ನೀವ ಕಳಿಸಿದ ಬೋರ್ಡಿನ ನಕ್ಷೆದಾಗ ರಿಲೇ ಒಂದ ಪಿನ್ನಿಗೆ ಐತಿ, ಫೈಲಿನ್ಯಾಗ ಬಾಜೂ ಪಿನ್ನಿಗೆ. ಹಿಂಗಿರೂ ಬೋರ್ಡ್ ಒಂದ ಐತಿ, ಅದು ನನ್ನ ಕಡೆ, ಫೋಟೋ ನೋಡ್ರಿ. ಈ ಸಾಲು ನಿಮಗ ಎಲ್ಲಿ ಸಿಕ್ತು?

ಹತ್ತ ದೇಶದ ಮಂದಿ ಓದಿದ್ರು. ಅಂವ ಪಿನ್ನ ತಿದ್ದಿ ಮತ್ತ ಕಳಿಸಿದ, ಪ್ರಶ್ನೆಕ್ಕ ಉತ್ತರ ಇಲ್ಲ. ನಾ ಅದ ಪ್ರಶ್ನೆ ಮತ್ತ ಕೇಳಿದ್ನಿ. ಮತ್ತ ಬಂತು, ಕೆಳಗ ಸಣ್ಣಾಗಿ ‘ಇವರ ಸಹಾಯದಿಂದ’ ಅಂತ ನನ್ನ ಹೆಸರ. ಸಹಾಯಂತ, ಇವನ ಹೆಣಾ ಎತ್ಲಿ! ಮತ್ತ ಅದ ಪ್ರಶ್ನೆ ಕೇಳಿದ್ನಿ.

ಕಡೀಕ ಫೋನ್ ಬಂತು. ಆಗ "ಏ ತಂಗಿ" ಅಂತಿದ್ದಂವ ಈಗ ಮ್ಯಾಡಂ ಅನ್ನಾಕತ್ತಿದ್ದ.

"ಮ್ಯಾಡಂ, ಗಿರಾಕಿಗೆ ಮಾತ ಕೊಟ್ಟೇನ್ರಿ. ಬೆಲ್ಲದ ಬಾಗೇವಾಡಿ ಊರಿನ ಮಂದಿ ದಿನಾ ಅಂಗಡಿಗೆ ಬಂದ ಕೂಡ್ತಾರ. ಒಂದ ಹೆಸರಿನ ಸಲುವಾಗಿ ಇಷ್ಟ ಸಿಟ್ಟ ಯಾಕ್ರಿ?"

"ಒಂದ ಹೆಸರ ಅಲ್ರಿ? ಹಾಕಿಬಿಡ್ರಿ ಮತ್ತ."

ಮರದಿನ ಫೈಲು ಬಂತು. ಬರದವರು ಅನ್ನೋ ಜಾಗದಾಗ ನನ್ನ ಹೆಸರ, ಒಂದ ಅಕ್ಷರ ತಪ್ಪಿಲ್ಲ. ಕಣ್ಣಾಗ ನೀರ ಬಂದ್ವು, ಸುಳ್ಳ ಯಾಕ ಹೇಳ್ಲಿ.

ಅದರ ಹಿಂದ ಫೋನೂ ಬಂತು. "ಈಗರ ‘ನೋಡೇನಿ’ ಅಂತ ಹೆಸರ ಹಾಕ್ರಿ ಮ್ಯಾಡಂ."

"ಹೆಂಗ ಹಾಕ್ಲಿ? ಬರದಾಕಿ ನಾನ ಅಂತ ನೀವ ಬರದೀರಲ್ಲ. ನಾ ಬರದದ್ದಕ್ಕ ನಾನ ‘ನೋಡೇನಿ’ ಅನ್ನಾಕ ಬರಂಗಿಲ್ರಿ. ಬ್ಯಾರೆಯವರನ್ನ ಹುಡಕ್ರಿ."

"ಅವರು ಯಾವಾಗ ನೋಡ್ತಾರ್ರಿ?"

"ನನಗೇನ ಗೊತ್ತ್ರಿ? ನಾ ಬರೇ ಟೈಪಿಂಗ್ ಮಾಡಾಕಿ."